ಅವ್ವನ ರಂಜಕದ ಭರಣಿ

ಸೇಡಂ, ೧೧ ಡಿಸೆಂಬರ್ ೧೯೫೦, ಸೋಮವಾರ

ಈ ದಪ್ಪ ವಹಿ ವಾಡಿ ಸ್ಟೇಷನ್ನಿನ ನಮ್ಮ ಗೂಡ್ಸ್ ಆಫೀಸಿನಲ್ಲಿ ರದ್ದಿಗೆ ಬಿದ್ದಿತ್ತು. ಹಾಳೆಗಳ ಒಂದು ಮಗ್ಗುಲು ಖಾಲಿ ಇದೆ. ಆಫೀಸಿನಲ್ಲಿ ಹಗಲೆಲ್ಲ ಉರ್ದು, ಇಂಗ್ಲಿಷು ಗೀಚುತ್ತೇನೆ. ಇದರಲ್ಲಿ ಕನ್ನಡ ಬರೆಯುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಮನೆಯಲ್ಲಿ ಮಾತು ನಿಂತು ಎಂಟು ದಿನವಾಯಿತು, ಅದಕ್ಕೆ.

ಅವ್ವನಿಗೆ ಲಕ್ವಾ ಹೊಡೆದಿದೆ. ಬಲಗೈ, ಬಲಗಾಲು ಬಿದ್ದಿವೆ, ಬಾಯಿ ಒಂದು ಕಡೆಗೆ ಎಳೆದಿದೆ, ನಾಲಿಗೆ ಹೊರಳುವುದಿಲ್ಲ. ನಮ್ಮವ್ವ ಗುರುಲಿಂಗಮ್ಮನ ಬಾಯಿ ಎಂದರೆ ಇಡೀ ಓಣಿಯೇ ಹುಷಾರಾಗಿ ಓಡಾಡುತ್ತಿತ್ತು. ಈಗ ಅವಳು ಗೋಡೆಗೆ ಒರಗಿ ಕೂತು ನನ್ನನ್ನು ನೋಡುತ್ತಾಳೆ, ಅಷ್ಟೇ. ನಿಜ ಹೇಳಬೇಕೆಂದರೆ ಮೊದಲೆರಡು ದಿನ ನನಗೆ ಚೆನ್ನಾಗಿ ನಿದ್ದೆ ಬಂತು. ಮನೆ ಅಷ್ಟು ಶಾಂತವಾಗಿತ್ತು. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಒಂದೂವರೆ ತಿಂಗಳ ರಜೆ ಹಾಕಿ ಬಂದಿದ್ದೇನೆ. ಸ್ನಾನ ಮಾಡಿಸಿ ತಲೆ ಬಾಚುವುದಕ್ಕೆ ಪಕ್ಕದ ಮನೆಯ ಯಂಕಮ್ಮ ಬರುತ್ತಾಳೆ. ಅಡುಗೆಯೂ ಅವಳೇ ಮಾಡಿಕೊಡುತ್ತಿದ್ದಳು, ಆದರೆ ಕೊರಳಲ್ಲಿ ಲಿಂಗ ಇಲ್ಲದವರ ಕೈಯ ಅಡುಗೆಯನ್ನು ಅವ್ವ ಮುಟ್ಟುವುದಿಲ್ಲ. ಮಾತು ಹೋದರೂ ಆ ನೇಮ ಹೋಗಿಲ್ಲ. ನನ್ನ ಹೆಂಡತಿ ಶಿವಕಾಂತಮ್ಮ ಚಿಮ್ಮನಚೋಡದ ತವರಿಗೆ ಹೋಗಿ ಒಂದೂವರೆ ವರ್ಷವಾಯಿತು. ಹೀಗಾಗಿ ಮೂವತ್ತಾರನೆಯ ವಯಸ್ಸಿನಲ್ಲಿ ನಾನು ಒಲೆಯ ಮುಂದೆ ಕೂತಿದ್ದೇನೆ.

ಹಾಲಿನ ಗಂಜಿ ಮಾಡಿದೆ. ಎರಡು ಚಮಚ ಕುಡಿದು ಎಡಗೈಯಿಂದ ಬಟ್ಟಲು ತಳ್ಳಿದಳು. ಐದು ದಿನದಿಂದ ಇದೇ ಕಥೆ. ಹೀಗೇ ಬಿಟ್ಟರೆ ಸಂಕ್ರಾಂತಿಗೆ ಅವಳು ಇರುವುದಿಲ್ಲ. ನಾನು ಬಿಡುವವನಲ್ಲ. ಅವಳು ಉಣ್ಣಬೇಕು, ಮಾತಾಡಲೂ ಬೇಕು. ಮಾತು ಯಾಕೆ ಬೇಕೆನ್ನುವುದಕ್ಕೆ ನನ್ನದೊಂದು ಕಾರಣವಿದೆ. ಇವತ್ತು ಬರೆಯುವುದಿಲ್ಲ.

೧೩ ಡಿಸೆಂಬರ್

ಇಂದು ಒಂದು ಸಂಗತಿ ತಿಳಿಯಿತು. ಬೆಳಗ್ಗೆಯಿಂದ ಅವ್ವ ಎಡಗೈ ಎತ್ತಿ ಅಡುಗೆಮನೆಯ ಗೋಡೆಯ ಮಾಡದ ಕಡೆ ತೋರಿಸುತ್ತಿದ್ದಳು. ತೋರಿಸಿ, ಬೆರಳುಗಳನ್ನು ಒಂದಕ್ಕೊಂದು ತಿರುವುತ್ತಿದ್ದಳು. ಉಪ್ಪಿನ ಡಬ್ಬಿ ತಂದೆ, ಅಲ್ಲ. ತುಪ್ಪ ತಂದೆ, ಅಲ್ಲ. ಕೊನೆಗೆ ರಂಜಕದ ಭರಣಿ ತಂದಾಗ ಕಣ್ಣು ಅಗಲ ಮಾಡಿದಳು. ಬೆರಳು ತಿರುವಿದ್ದು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚು ಎಂದು.

ಅವ್ವನ ರಂಜಕ ಊರಿಗೇ ಗೊತ್ತು. ಹಣ್ಣಾದ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಲಿಂಬೆರಸ ಹಾಕಿ ರುಬ್ಬಿ, ವರ್ಷಕ್ಕೆ ಒಂದು ಭರಣಿ ತುಂಬುತ್ತಾಳೆ. ಅದಿಲ್ಲದೆ ಅವಳು ಒಂದು ಹೊತ್ತೂ ಉಂಡದ್ದಿಲ್ಲ. ಇಷ್ಟು ದಿನ ನನ್ನ ತಲೆಗೆ ಹೊಳೆಯಲಿಲ್ಲವಲ್ಲ.

ಒಣ ಚಮಚದ ತುದಿಗೆ ಕಡಲೆಕಾಳಿನ ಗಾತ್ರ ತೆಗೆದು ಗಂಜಿಯಲ್ಲಿ ಕಲಸಿದೆ. ಬಟ್ಟಲು ಅರ್ಧ ಖಾಲಿಯಾಯಿತು. ಕಣ್ಣಲ್ಲಿ ನೀರು ಬಂತು, ಖಾರಕ್ಕೋ ಏನೋ. ಉಂಡ ಮೇಲೂ ಅವಳ ಕೈ ಭರಣಿಯ ಕಡೆಗೇ ಹೋಯಿತು. ಇನ್ನೂ ಬೇಕು ಎಂದು ತಿಳಿದು ಇನ್ನಿಷ್ಟು ಕೊಟ್ಟೆ.

ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಾಗ ಯಂಕಮ್ಮ ನೋಡಿ ನಕ್ಕಳು. "ಅಣ್ಣಾರ, ಇದೇನ್ರಿ ಗಂಟು? ಭರಣಿ ಸಿಕಂದ್ರಾಬಾದಕ್ಕ ಕಳಸ್ಲಿಕತ್ತೀರೇನು?"

"ನಂಗ ಬರೋದೇ ಪಾರ್ಸಲ್ ಗಂಟು," ಎಂದೆ. ಹದಿನಾಲ್ಕು ವರ್ಷ ಗೂಡ್ಸ್ ಆಫೀಸಿನಲ್ಲಿ ಕಟ್ಟಿದ್ದು ಅದನ್ನೇ.

೧೪ ಡಿಸೆಂಬರ್

ಹಕೀಮ್ ಅಮೀರ್ ಅಲಿ ಸಾಹೇಬರು ಬಂದಿದ್ದರು. ಬೈಸಿಕೊಳ್ಳುವುದಕ್ಕೆ ತಯಾರಾಗಿಯೇ ರಂಜಕದ ಸುದ್ದಿ ಹೇಳಿದೆ. ಅವರು ಗಡ್ಡ ನೀವಿಕೊಂಡರು.

"ಇದು ದವಾ ಅಲ್ಲ ಅಮೃತಪ್ಪ, ಶೌಕ್ ಅದ," ಎಂದರು. "ಖರೇ ಹೇಳ್ತೀನಿ, ನನ್ನ ಹಂತ್ಯಾಕ ಇದಕ್ಕ ಪಕ್ಕಾ ದವಾ ಇಲ್ಲ. ಆದ್ರ ಶೌಕ್ ಇದ್ದ ಮನಷ್ಯಾ ಊಟ ಬಿಡಂಗಿಲ್ಲ. ಜರಾ ಜರಾ ಕೊಡು. ನೆಟ್ಟಗ ಕುಂದರ್ಸಿ ಕೊಡು, ಎಡಗಡಿ ದವಡಿಗೆ ಇಡು. ಕೆಮ್ಮು ಬಂತಂದ್ರ ನಿಂದರ್ಸು. ಒಂದೇ ನಮೂನಿ ಕೊಟ್ರ ಬ್ಯಾಸರ ಆಗ್ತದ ನೋಡು, ದಿನಾ ಬದಲಿ ಮಾಡು."

ದಿನಾ ಬದಲಿ. ಅಡುಗೆ ಬಾರದವನಿಗೆ ಹೇಳುವುದು ಎಷ್ಟು ಸುಲಭ. ಆಗಲಿ, ಮಾಡುತ್ತೇನೆ.

೧೯ ಡಿಸೆಂಬರ್

ಐದು ದಿನ ಬರೆಯಲು ಆಗಲಿಲ್ಲ, ಕೈ ಸುಟ್ಟಿತ್ತು. ಜೋಳದ ರೊಟ್ಟಿ ಬಡಿಯುವುದು ಗಂಡಸಿನ ಕೆಲಸ ಅಲ್ಲ ಎಂದು ಮೊದಲ ದಿನ ಬರೆಯಬೇಕೆಂದಿದ್ದೆ. ಈಗ ಹೇಳುತ್ತೇನೆ, ಅದು ಯಾರ ಕೆಲಸವೂ ಅಲ್ಲ, ಅಷ್ಟು ಕಷ್ಟ. ಹೆಂಗಸರು ಹೇಗೋ ಮಾಡಿಬಿಡುತ್ತಾರೆ. ನನ್ನ ರೊಟ್ಟಿ ಉದ್ದಕ್ಕೂ ಬಂತು, ಹರಿದೂ ಬಂತು. ಯಂಕಮ್ಮ ಹೊಸಿಲ ಆಚೆ ಕೂತು, "ಅಂಚು ತಟ್ರಿ, ನಟ್ಟನಡುವ ಬ್ಯಾಡ್ರಿ," ಎಂದು ಹೇಳಿಕೊಡುತ್ತಾಳೆ.

ಹರಿದರೆ ಹರಿಯಲಿ ಎಂದು ಬಿಸಿ ರೊಟ್ಟಿಯನ್ನು ಕಲ್ಲಿಗೆ ಹಾಕಿ, ತುಪ್ಪ ಮತ್ತು ರಂಜಕ ಸೇರಿಸಿ ಕುಟ್ಟಿ ಮುಟಗಿ ಮಾಡಿದೆ. ಮೆತ್ತಗೆ ಉಂಡೆಯಾಯಿತು. ಅವ್ವ ಎರಡು ಉಂಡೆ ತಿಂದಳು. ಮರುದಿನ ಕೆನೆಮೊಸರಿನಲ್ಲಿ ರಂಜಕ ಕಲಸಿ ಜೋಳದ ನುಚ್ಚಿನ ಮೇಲೆ ಹಾಕಿದೆ. ಮೊಸರು ಗುಲಾಬಿ ಬಣ್ಣಕ್ಕೆ ತಿರುಗಿತು, ಅದೂ ಹೋಯಿತು. ತೊಗರಿಬೇಳೆಯ ಕಟ್ಟಿಗೆ ಒಗ್ಗರಣೆ ಹಾಕಲು ಗೊತ್ತಿಲ್ಲದೆ ರಂಜಕವನ್ನೇ ಕುಸುಬೆ ಎಣ್ಣೆಯಲ್ಲಿ ಹುರಿದು ಸುರಿದೆ. ಮನೆಯಲ್ಲಿದ್ದವರೆಲ್ಲ ಸೀನಿದೆವು, ಅವ್ವ ಸಹ. ಆದರೆ ಆ ಕಟ್ಟಿನ ರುಚಿ ಏನು ಹೇಳಲಿ, ನಾನೇ ಮೂರು ಬಟ್ಟಲು ಕುಡಿದೆ. ನಿನ್ನೆ ಬದನೆಕಾಯಿ ಕೆಂಡದಲ್ಲಿ ಸುಟ್ಟು ಹಿಸುಕಿ ಅದಕ್ಕೂ ರಂಜಕವೇ. ಇಂದು ಬೆಲ್ಲದ ಪಾಕಕ್ಕೆ ಒಂದು ಚೂರು ಸೇರಿಸಿ ನಾಲಿಗೆಗೆ ಹಚ್ಚಿದೆ. ಅವ್ವ ನನ್ನನ್ನು ಹುಚ್ಚನ ಹಾಗೆ ನೋಡಿದಳು, ಆದರೆ ನಾಲಿಗೆ ಹೊರಗೆ ಬಂದು ತುಟಿ ನೆಕ್ಕಿತು. ಎಡಗಡೆ ಮಾತ್ರ. ಆದರೂ ಬಂತು.

೨೩ ಡಿಸೆಂಬರ್

ಮಂಗ ಕಿಟಕಿಯಿಂದ ಕೈ ಹಾಕಿ ಎರಡು ರೊಟ್ಟಿ ಒಯ್ದಿತು. ಬೆಳಗಿನಿಂದ ಬಡಿದ ರೊಟ್ಟಿ. ಕಿಟಕಿಯ ಸರಳಿಗೆ ರಂಜಕ ಸವರಿಟ್ಟೆ. ಮಧ್ಯಾಹ್ನ ಮತ್ತೆ ಬಂದು ಕೈ ಮೂಸಿಕೊಂಡು ಹೋಯಿತು, ತಿರುಗಿ ಬರಲಿಲ್ಲ.

ಭರಣಿಯ ತಳ ಕಾಣುತ್ತಿದೆ.

೨೭ ಡಿಸೆಂಬರ್

ಅವ್ವ ಮೈ ತುಂಬಿಕೊಳ್ಳುತ್ತಿದ್ದಾಳೆ, ಮಾತು ಮಾತ್ರ ಇಲ್ಲ. ಇಂದು ಮತ್ತೆ ಭರಣಿ ತೋರಿಸಿ ಬೆರಳು ತಿರುವಿದಳು. ಉಂಡು ಅರ್ಧ ತಾಸು ಆಗಿರಲಿಲ್ಲ. ಇಷ್ಟು ಆಸೆ ಒಳ್ಳೆಯದೋ ಕೆಟ್ಟದೋ ಗೊತ್ತಾಗದೆ ಒಂದು ಚೂರು ಕೊಟ್ಟೆ.

ಅವ್ವನ ಮಾತು ನನಗೆ ಯಾಕೆ ಬೇಕೆನ್ನುವ ಕಾರಣವನ್ನು ಅಂದು ಬರೆದಿರಲಿಲ್ಲ. ಬರೆದೇ ಬಿಡುತ್ತೇನೆ.

ಹಿಂದಿನ ವರ್ಷ ಮೃಗಶಿರ ಮಳೆ ಹೊಡೆಯುತ್ತಿದ್ದ ಒಂದು ಸಂಜೆ ವಾಡಿಯಿಂದ ಪ್ಯಾಸೆಂಜರಿಗೆ ಬಂದೆ. ತೊಯ್ದು ತೊಪ್ಪೆಯಾಗಿದ್ದೆ. ಅವ್ವ, ಶಿವಕಾಂತ ಇಬ್ಬರೂ ಮಠಕ್ಕೆ ಹೋಗಿದ್ದರು. ಹಸಿವು ತಡೆಯದೆ ಬುಟ್ಟಿಯ ರೊಟ್ಟಿ ತೆಗೆದುಕೊಂಡು, ರಂಜಕದ ಭರಣಿಯ ಬಟ್ಟೆ ಬಿಚ್ಚಿ, ಮಳೆನೀರು ಸುರಿಯುವ ಕೈಯನ್ನೇ ಒಳಗೆ ಹಾಕಿದೆ. ಆ ಭರಣಿಯನ್ನು ಅವ್ವ ಬಿಟ್ಟರೆ ಸೊಸೆ, ಅವರಿಬ್ಬರೇ ಮುಟ್ಟಬೇಕು. ಸ್ನಾನ ಮಾಡಿ, ಕೈ ಒರಸಿ, ಒಣ ಸೌಟು ಹಾಕಬೇಕು. ನನಗದು ಗೊತ್ತಿತ್ತು. ಉಂಡು, ಬಟ್ಟೆ ಮತ್ತೆ ಬಿಗಿಯಾಗಿ ಕಟ್ಟಿ ಸುಮ್ಮನಾದೆ.

ಹದಿನೈದು ದಿನಕ್ಕೆ ಭರಣಿ ತುಂಬ ಬಿಳಿ ಬೂಸ್ಟು. ಅವ್ವ ಓಣಿಯ ಹೆಂಗಸರ ಮುಂದೆ ಸೊಸೆಯನ್ನು ನಿಲ್ಲಿಸಿ ಬೈದಳು. "ಹಸಿ ಕೈ ಹಾಕೀದಿ. ನಿನ್ನ ಕೈಯಾಗ ಈ ಮನಿಯಂದೇನೂ ಉಳಿಯಂಗಿಲ್ಲ." ಆಗ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಆ ಮಾತು ಎಲ್ಲಿ ನಾಟಿತೆಂದು ಎಲ್ಲರಿಗೂ ಗೊತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದೆ. ಶಿವಕಾಂತ ನನ್ನ ಕಡೆ ಒಮ್ಮೆ ನೋಡಿದಳು. ನಾನು ಪೇಪರು ಇನ್ನಷ್ಟು ಮೇಲಕ್ಕೆತ್ತಿದೆ. ಮೂರನೆಯ ದಿನ ಅವಳು ಟ್ರಂಕು ತೆಗೆದುಕೊಂಡು ಹೋದಳು.

ಹೇಳಬೇಕೆಂದು ಪ್ರತಿ ಭಾನುವಾರ ವಾಡಿಯಿಂದ ಬರುತ್ತಿದ್ದೆ. ಅವ್ವನ ಬಾಯಿಗೆ ಹೆದರಿ ಹೇಳದೆ ಸೋಮವಾರ ಹೋಗುತ್ತಿದ್ದೆ. ಈಗ ಬಾಯಿ ಬಿದ್ದಿರುವಾಗ ಹೇಳಿದರೆ ಅದು ಹೇಡಿತನ. ಅವಳು ಬೈಯುವಂತಾಗಬೇಕು, ಆಮೇಲೆ ಹೇಳಬೇಕು. ಓಣಿಯ ಜನರೆಲ್ಲ ಕೇಳುವ ಹಾಗೆ ಬೈಸಿಕೊಳ್ಳಬೇಕು. ಅದಕ್ಕೇ ನನಗೆ ಆ ನಾಲಿಗೆ ಬೇಕು.

೨೯ ಡಿಸೆಂಬರ್

ಹಣ್ಣು ಮೆಣಸಿನಕಾಯಿ ಪೇಟೆಗೆ ಬಂದಿದೆ, ಇನ್ನೊಂದು ತಿಂಗಳಿಗೆ ಮುಗಿಯುತ್ತದೆ. ಹೊಸ ಭರಣಿ ಹಾಕದೆ ಗತಿಯಿಲ್ಲ. ಅಳತೆ ಗೊತ್ತಿರುವವರು ಇಬ್ಬರೇ. ಒಬ್ಬಳಿಗೆ ಮಾತಿಲ್ಲ, ಇನ್ನೊಬ್ಬಳು ಚಿಮ್ಮನಚೋಡದಲ್ಲಿ.

ಶಿವಕಾಂತಳಿಗೆ ಕಾರ್ಡು ಬರೆದೆ. ಮೂರು ಹರಿದು ನಾಲ್ಕನೆಯದನ್ನು ಹಾಕಿದೆ. ಖಾರದ ಅಳತೆ ಬಿಟ್ಟು ಬೇರೆ ಏನನ್ನೂ ಬರೆದಿಲ್ಲ. ಬೇರೆ ಬರೆಯುವುದು ಏನಿದೆ.

೭ ಜನವರಿ ೧೯೫೧, ಎಳ್ಳಮಾಸಿ

ಹಬ್ಬದ ಊಟಕ್ಕೆ ಓಣಿಯೆಲ್ಲ ಹೊಲಕ್ಕೆ ಹೋಗಿದೆ. ನಾವಿಬ್ಬರೇ. ಹಬ್ಬ ಬಿಡಬಾರದೆಂದು ಸಿಕ್ಕ ತರಕಾರಿ, ಹಸಿ ಕಾಳು ಎಲ್ಲ ಹಾಕಿ ಭಜ್ಜಿ ಕುದಿಸಿದೆ. ತಳದಲ್ಲಿ ಉಳಿದ ರಂಜಕವನ್ನು ಅಂಬಲಿಯಿಂದ ತೊಳೆದು ಅದಕ್ಕೇ ಸುರಿದೆ. ಅವ್ವನನ್ನು ಎತ್ತಿ ಅಂಗಳದ ಬಿಸಿಲಿಗೆ ಕೂರಿಸಿ, ಸಜ್ಜೆ ರೊಟ್ಟಿ ನೆನೆಸಿ ತಿನ್ನಿಸಿದೆ. ಈಗಲೂ ಎಷ್ಟು ಹಗುರ ಇದ್ದಾಳೆ. ತಟ್ಟೆ ಬಳಿದು ಉಂಡಳು, ಒಂದು ಚೂರೂ ಬಿಡಲಿಲ್ಲ.

ಖಾಲಿ ಭರಣಿ ಬಿಸಿಲಿಗೆ ಇಟ್ಟಿದ್ದೆ. ಅದನ್ನೂ ತೋರಿಸಿ ಬೆರಳು ತಿರುವಿದಳು. "ಮುಗದದ ಯವ್ವಾ. ಹೊಸಾದು ಹಾಕ್ತೀನಿ," ಎಂದೆ. ತಲೆ ಅಡ್ಡ ಆಡಿಸಿದಳು. ನನ್ನ ಕೈಯಿಂದ ಆಗುವುದಿಲ್ಲ ಎಂದಿರಬೇಕು. ನೋಡೋಣ.

೯ ಜನವರಿ

ಕಾಗದ ಬಂತು. ಶಿವಕಾಂತಳದೇ ಅಕ್ಷರ, ಮಠದ ಅಯ್ಯನವರ ಹತ್ತಿರ ಕಲಿತದ್ದು. ಇಲ್ಲಿ ಇಳಿಸಿಡುತ್ತೇನೆ, ಅಳತೆ ಮರೆಯಬಾರದಲ್ಲ.

"ಮೆಣಸಿನಕಾಯಿ ನೀರಾಗ ತೊಳೀಬ್ಯಾಡ್ರಿ, ಒಣ ಅರಿವೀಲೆ ಒರಸ್ರಿ. ಒಂದು ದಿನ ನೆಳ್ಳಾಗ ಹರವ್ರಿ. ಸೇರಿಗೆ ಒಂದು ಹಿಡಿ ಬಳ್ಳೊಳ್ಳಿ, ಸ್ವಲ್ಪ ಜೀರಿಗಿ, ಹತ್ತು ಲಿಂಬಿಯ ರಸ. ಉಪ್ಪು ಒಂದು ಮುಷ್ಟಿ. ಮುಷ್ಟಿ ಅತ್ತ್ಯಾರದು, ನಿಮ್ಮದಲ್ಲ, ನಿಮ್ಮ ಕೈ ದೊಡ್ಡದು. ಅತ್ತ್ಯಾರಿಗೆ ಹಿಂಗಾಗ್ಯಾದಂತ ಮಂದಿ ಬಾಯಾಗ ಕೇಳಿದೆ. ನೀವು ಬರೀಲಿಲ್ಲ."

ನಾಲ್ಕು ಸಲ ಓದಿದೆ. ಅಳತೆ ಬಾಯಿಪಾಠವಾಗಬೇಕಲ್ಲ.

೧೧ ಜನವರಿ

ಹಾಕಿದೆ. ಎರಡು ಸೇರು ಮೆಣಸಿನಕಾಯಿಯ ತೊಟ್ಟು ಮುರಿದು, ಒರಸಿ, ಕಲ್ಲಿನಲ್ಲಿ ರುಬ್ಬುವ ಹೊತ್ತಿಗೆ ಬೆನ್ನು ಹೋಯಿತು. ಕೈ ಮೊಣಕೈತನಕ ಉರಿಯುತ್ತಿದೆ.

ಉಪ್ಪಿನ ಸರದಿ ಬಂದಾಗ ಮುಷ್ಟಿಯ ಮಾತು ನೆನಪಾಯಿತು. ಅವ್ವನ ಮುಂದೆ ಕೂತು ಅವಳ ಬಲಗೈ ಬಿಚ್ಚಿದೆ. ಬೆರಳುಗಳು ಒಂದೊಂದಾಗಿ ಬಿಚ್ಚಬೇಕಾಯಿತು. ಅಂಗೈಯಲ್ಲಿ ಉಪ್ಪು ಸುರಿದು, ಬೆರಳು ಮಡಚಿ, ನನ್ನ ಎರಡೂ ಕೈಯಲ್ಲಿ ಆ ಮುಷ್ಟಿ ಹಿಡಿದು ಕಲ್ಲಿನ ಮೇಲೆ ಬಿಚ್ಚಿದೆ. ಎರಡು ಸಲ. ಎರಡನೆಯ ಸಲ ಕಿರುಬೆರಳು ತಾನಾಗಿ ಒಂದಿಷ್ಟು ಮಡಚಿದಂತಾಯಿತು. ನನ್ನ ಭ್ರಮೆಯೂ ಇರಬಹುದು. ಅವ್ವ ಕೈಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಅಳು ಬಂತು. ಖಾರ ಹತ್ತಿತು ಎಂದೆ.

೧೨ ಜನವರಿ

ಇಂದು ನನ್ನ ಹಣೆಬರಹ.

ನಿನ್ನೆ ಕೈಯನ್ನು ಬೂದಿ ಹಚ್ಚಿ ತೊಳೆದಿದ್ದೆ, ಬೆಳಗ್ಗೆ ಸ್ನಾನ ಆಗಿತ್ತು. ಎಲ್ಲ ಹೋಗಿದೆ ಎಂದುಕೊಂಡು ಲಿಂಗಪೂಜೆಗೆ ಕೂತೆ. ವಿಭೂತಿ ಕಲಸಿ ಹಣೆಗೆ ಮೂರು ಬೆರಳು ಎಳೆದೆ, ರೂಢಿಯಂತೆ ಎರಡೂ ಕಣ್ಣಿನ ರೆಪ್ಪೆಗೂ ಹಚ್ಚಿಕೊಂಡೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹೊತ್ತಿಕೊಂಡಿತು. ಎಡ ಅಂಗೈಯಲ್ಲಿ ಲಿಂಗ, ಕೆಳಗೆ ಇಡುವಂತಿಲ್ಲ, ಕಣ್ಣು ತೆರೆಯುವಂತಿಲ್ಲ, ಪೂಜೆ ಬಿಟ್ಟು ಏಳುವಂತಿಲ್ಲ. ಕೂತಲ್ಲೇ ಕುಣಿದೆ. ಮಂತ್ರ ಹೇಳುತ್ತಿದ್ದೆನೋ ಒದರುತ್ತಿದ್ದೆನೋ ಶಿವನಿಗೇ ಗೊತ್ತು.

ಆಗ ಹಿಂದಿನಿಂದ ಒಂದು ಸದ್ದು ಬಂತು. ಅವ್ವ ಉಸಿರುಗಟ್ಟಿದಳೆಂದು ಹೆದರಿ, ಲಿಂಗವನ್ನು ಎದೆಗೆ ಒತ್ತಿಕೊಂಡು ಒಂದು ಕಣ್ಣು ಬಿಟ್ಟು ತಿರುಗಿದೆ. ಅವ್ವ ನಗುತ್ತಿದ್ದಳು. ಮುಖದ ಅರ್ಧದಲ್ಲಿ ನಗು, ಹೊಟ್ಟೆ ಕುಲುಕುವ ನಗು. ನಕ್ಕು ನಕ್ಕು ಬಲಗಡೆಯ ತುಟಿಯೂ ಒಂದು ಎಳೆ ಮೇಲೆ ಹೋಯಿತು. ಕೊನೆಗೆ ಗಂಟಲಿನಿಂದ "ಹೋ… ಹೋಗ್" ಎಂದು ಬಂತು.

ಯಂಕಮ್ಮ ಓಡಿ ಬಂದು ನನ್ನ ಕಣ್ಣಿಗೆ ಬೆಣ್ಣೆ ಹಚ್ಚಿದಳು. "ಅವ್ವಾರು ಮಾತಾಡಿದ್ರೇನ್ರಿ?"

"ಬೈದ್ಳು," ಎಂದೆ. ಇಷ್ಟು ಸಂತೋಷ ನನಗೆ ಪಗಾರ ಹೆಚ್ಚಾದಾಗಲೂ ಆಗಿರಲಿಲ್ಲ.

೧೫ ಜನವರಿ

ಶಿವಕಾಂತಳಿಗೆ ಕಾಗದ ಬರೆದೆ. ಕಾರ್ಡು ಸಾಲಲಿಲ್ಲ, ಲಕೋಟೆ ತರಬೇಕಾಯಿತು. ಕಣ್ಣಿನ ಕಥೆ, ಮಂಗನ ಕಥೆ, ರೊಟ್ಟಿ ಈಗ ದುಂಡಗೆ ಬರುವ ಸುದ್ದಿ, ಎಲ್ಲ ಸೇರಿ ನಾಲ್ಕು ಪುಟ. ರಂಜಕದ ವಿಷಯ ಎರಡು ಸಾಲು. ಇನ್ನೂ ಒಂದು ತಿಂಗಳು ರಜೆ ಕೇಳಿ ವಾಡಿಗೂ ಅರ್ಜಿ ಹಾಕಿದೆ.

೨೮ ಜನವರಿ

ಹೊಸ ರಂಜಕ ಮಾಗಿದೆ, ಕೆಟ್ಟಿಲ್ಲ. ಅವ್ವನ ಬಾಯಲ್ಲಿ ಸಣ್ಣ ಸಣ್ಣ ಮಾತುಗಳು ಬರುತ್ತಿವೆ. ಹೋಗ್, ಬಾ, ನೀರು, ಬ್ಯಾಡ. ಇಷ್ಟು ಮಾತಿನಲ್ಲಿ ಬೈಯಬಹುದು ಎನ್ನಿಸಿತು. ಇನ್ನು ತಡಮಾಡಿದರೆ ನಾನು ಮತ್ತೆ ಹೇಳದೆ ವಾಡಿಗೆ ಹೋಗುವವನೇ.

ಅವಳ ಮುಂದೆ ಕೂತು ಹೇಳಿದೆ. "ಯವ್ವಾ, ಆ ಭರಣಿ ಕೆಡಿಸಿದ್ದು ಶಿವಕಾಂತ ಅಲ್ಲ. ಹಸಿ ಕೈ ಹಾಕಿದಾಂವ ನಾ. ನೀ ಅಕಿಗಿ ಬೈಯಾಗ ನಾ ಸುಮ್ಕ ಕುಂತಿದ್ದೆ."

ಬೈಗುಳಕ್ಕೆ ತಲೆ ಬಗ್ಗಿಸಿ ಕಾದೆ. ತಲೆ ಎತ್ತಿದರೆ ಅವಳ ಕೈ ಮತ್ತೆ ಭರಣಿಯ ಕಡೆಗೆ, ಬೆರಳು ತಿರುವುತ್ತಿದ್ದಳು. ಇಂಥ ಹೊತ್ತಿನಲ್ಲಿ ಖಾರವೇ ಎಂದು ಸಿಟ್ಟೇ ಬಂತು. ಆದರೂ ತಂದು, ಬಿಚ್ಚಿ, ಚಮಚ ಬಾಯಿಗೆ ಹಿಡಿದೆ. "ಬ್ಯಾಡ," ಎಂದು ಕೈ ತಳ್ಳಿ ಗೋಡೆಯ ಕಡೆ ಮುಖ ಮಾಡಿದಳು. ನನ್ನ ಕೈಯ ಖಾರವನ್ನು ಅವಳು ಬೇಡವೆಂದದ್ದು ಇದೇ ಮೊದಲು.

ಕ್ಷಮಿಸಲಿಲ್ಲ. ಆಗಲಿ, ಅವಳ ಹಕ್ಕು ಅದು. ಶಿವಕಾಂತಳಿಗೂ ನಿಜ ಬರೆದು ಅಂಚೆಗೆ ಹಾಕಿ ಬಂದೆ. ಬಾ ಎಂದು ಬರೆದಿಲ್ಲ, ಕೇಳುವ ಮುಖ ನನಗಿಲ್ಲ. ಕೆಡಿಸಿದವನು ನಾನು ಎಂದಷ್ಟೇ ಬರೆದೆ. ಆಮೇಲೆ ಯಂಕಮ್ಮನಿಗೆ ಹೇಳಿದೆ. ಅವಳಿಗೆ ಹೇಳಿದರೆ ಓಣಿಗೆಲ್ಲ ಹೇಳಿದಂತೆ. ಅದೂ ಆಗಲಿ ಎಂದೇ ಹೇಳಿದೆ.

೨ ಫೆಬ್ರವರಿ

ಕಾಗದ ಇಲ್ಲ. ರೊಟ್ಟಿ ಬಡಿದೆ.

೫ ಫೆಬ್ರವರಿ, ಸೋಮವಾರ

ಮಧ್ಯಾಹ್ನ ಅವ್ವನಿಗೆ ಮುಟಗಿ ತಿನ್ನಿಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಯಂಕಮ್ಮ ಎಂದುಕೊಂಡು, "ನೀರು ಕಾದದ ನೋಡು," ಎಂದೆ. ತಿರುಗಿ ನೋಡಿದರೆ ಶಿವಕಾಂತ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಲಿಂಬೆಹಣ್ಣಿನ ಗಂಟು. ಸೀರೆಯ ಮೇಲೆಲ್ಲ ದಾರಿಯ ಧೂಳು. ಸ್ವಲ್ಪ ಇಳಿದಿದ್ದಾಳೆ.

ಅವ್ವ ಅವಳನ್ನು ನೋಡಿದಳು, ಕೂಡಲೇ ಎಡಗೈ ಎತ್ತಿ ಮಾಡದ ಭರಣಿ ತೋರಿಸಿದಳು. ಬೆರಳು ತಿರುವಿದಳು. ನಾನು ರೂಢಿಯಂತೆ ಭರಣಿ ತರಲು ಎದ್ದೆ.

"ಅದು ಬ್ಯಾಡ್ರಿ, ಕುಂದ್ರಿ," ಎಂದಳು ಶಿವಕಾಂತ. "ಅತ್ತಿ ಏನೋ ಹೇಳ್ಲಿಕತ್ತಾರ."

ಟ್ರಂಕು ಅಲ್ಲೇ ಇಟ್ಟು ಅವ್ವನ ಮುಂದೆ ಕೂತಳು. ಅವ್ವನ ಬಾಯಿ ಎಳೆಯಿತು, ಹಣೆಯಲ್ಲಿ ಬೆವರು ಬಂತು. ಒಂದೊಂದೇ ಮಾತು ಎಳೆದು ಹೊರಗೆ ಹಾಕಿದಳು.

"ಗಂಟು. ಗಂಟು… ಇವಂದು. ನಂಗ… ಗೊತ್ತಿತ್ತು."

ಆಗ ನನಗೆ ತಿಳಿಯಿತು. ಆ ಮಳೆಯ ಸಂಜೆ ಭರಣಿಯ ಬಾಯಿಗೆ ನಾನು ಕಟ್ಟಿದ್ದು ಪಾರ್ಸಲ್ ಗಂಟು. ಮರುದಿನ ಬೆಳಗ್ಗೆ ಅದನ್ನು ಬಿಚ್ಚಿದ್ದು ಅವ್ವ. ಅಂದೇ ಅವಳಿಗೆ ಗೊತ್ತಾಗಿತ್ತು. ಮಗನ ಹೆಸರು ಹೇಳುವ ಬದಲು ಸೊಸೆಯನ್ನು ಬೈದಳು. ಲಕ್ವಾ ಹೊಡೆದು ನಾಲಿಗೆ ಬಿದ್ದ ಮೇಲೆ, ಎರಡು ತಿಂಗಳು, ಅವಳು ಆ ಭರಣಿ ತೋರಿಸಿ, ಬೆರಳಿನಲ್ಲೇ ಗಂಟು ತಿರುವಿ ಹೇಳಲು ಒದ್ದಾಡಿದ್ದು ಇದೊಂದನ್ನೇ. ನಾನು ಪ್ರತಿ ಸಲವೂ ಅವಳ ಬಾಯಿಗೆ ಖಾರ ಹಾಕಿದೆ.

ಅವ್ವನ ಎರಡೂ ಕಣ್ಣಿನಿಂದ ನೀರು ಇಳಿಯಿತು. ಎಡಗೈಯಿಂದ ಸೊಸೆಯ ಮೊಣಕಾಲು ಮುಟ್ಟಿದಳು. "ತಪ್ಪು… ನಂದು."

ಶಿವಕಾಂತ ಆ ಕೈಯನ್ನು ಹಿಡಿದುಕೊಂಡಳು. "ನಂಗೂ ಗೊತ್ತಿತ್ತ್ರಿ ಅತ್ತಿ. ಆ ಗಂಟು ನಾನೂ ನೋಡಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. ಅಂದು ಕಟ್ಟೆಯ ಹತ್ತಿರ ನೋಡಿದ್ದಳಲ್ಲ, ಹಾಗೆಯೇ. "ಇವರು ಹೇಳ್ತಾರಂತ ದಾರಿ ನೋಡಿದೆ. ಕಾಗದ ಬಂತು, ಬಂದೆ."

ಈ ಸಲ ನನ್ನ ಕೈಯಲ್ಲಿ ಪೇಪರು ಇರಲಿಲ್ಲ. ಮುಟಗಿಯ ತಟ್ಟೆ ಇತ್ತು, ಅದನ್ನು ಕೆಳಗಿಟ್ಟು ಅವಳ ಮುಖ ನೋಡಿದೆ.

ಸಂಜೆ ಮೂವರೂ ಉಂಡೆವು. ರೊಟ್ಟಿ ನಾನೇ ಬಡಿದೆ, ದಣಿದು ಬಂದವಳು ಕೂರಲಿ ಎಂದು. ಶಿವಕಾಂತ ರೊಟ್ಟಿಯ ಅಂಚಿನಲ್ಲಿ ರಂಜಕ ಹಚ್ಚಿ ನಾಲಿಗೆಗೆ ಇಟ್ಟಳು, ಇನ್ನೊಂದು ಸಲ ಹಚ್ಚಿಕೊಂಡಳು. ಊಟವಾದ ಮೇಲೆ ಭರಣಿಯ ಬಟ್ಟೆ ಕಟ್ಟಲು ಅವಳು ಕೈ ಹಾಕಿದಳು, ಅವ್ವ "ಬ್ಯಾಡ," ಎಂದು ನನ್ನನ್ನು ತೋರಿಸಿದಳು.

ಕೈ ಒರಸಿಕೊಂಡು ನಾನೇ ಕಟ್ಟಿದೆ. ಇಬ್ಬರೂ ನೋಡುತ್ತಿದ್ದರು. ಬಿದ್ದದ್ದು ಅದೇ ಗಂಟು, ನನಗೆ ಬೇರೆಯದು ಬರುವುದಿಲ್ಲ.